ಟಾಯ್ಲೆಟ್ ಎಲ್ಲಿದೆ ಎಂದು ಯಾರೂ ಕೇಳಬೇಕಾಗದ ಹಬ್ಬ ಮಾಡಿ

ನಗರದ ಬೇಸಿಗೆ ಹಬ್ಬ ನಡೆಸುವ ಅಧಿಕಾರಿಗಳಿಗೂ ಸಮಿತಿಯವರಿಗೂ ನಮಸ್ಕಾರ.

ಕಳೆದ ಬೇಸಿಗೆಯ ಹಬ್ಬದಲ್ಲಿ ಎರಡು ದಿನ ನಾನು ಮಾಹಿತಿ ಮೇಜಿನ ಹಿಂದೆ ಕೂತಿದ್ದೆ. ಸ್ವಯಂಸೇವಕಿಯಾಗಿ. ಕೊರಳಿಗೆ ಗುರುತಿನ ಚೀಟಿ, ಮುಂದೆ ಒಂದು ಕಟ್ಟು ಕಾರ್ಯಕ್ರಮ ಪಟ್ಟಿ. ಯಾವ ವೇದಿಕೆಯಲ್ಲಿ ಎಷ್ಟು ಹೊತ್ತಿಗೆ ಏನಿದೆ ಅಂತ ಬಂದವರಿಗೆ ಹೇಳುವುದು ನನ್ನ ಕೆಲಸ ಎಂದಿದ್ದರು. ಹಿಂದಿನ ರಾತ್ರಿ ಕೂತು ಇಡೀ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದೆ.

ಅದನ್ನು ಹೆಚ್ಚುಕಡಿಮೆ ಯಾರೂ ಕೇಳಲೇ ಇಲ್ಲ.

ಮೊದಲ ಒಂದು ಗಂಟೆಯಲ್ಲೇ ಇದು ಗೊತ್ತಾಯಿತು. ಸುಮ್ನೆ ಕೂರುವ ಬದಲು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆಯಲು ಶುರು ಮಾಡಿದೆ. ಒಂದು ಪ್ರಶ್ನೆಗೆ ಒಂದು ಗೆರೆ. ಎರಡನೇ ದಿನ ಸಂಜೆ ನೋಡಿದರೆ ಎಲ್ಲಕ್ಕಿಂತ ಉದ್ದದ ಸಾಲು ‘ಟಾಯ್ಲೆಟ್ ಎಲ್ಲಿದೆ?’ ಎನ್ನುವುದು. ಅದರ ಕೆಳಗೆ ‘ಕುಡಿಯೋ ನೀರು ಎಲ್ಲಿ ಸಿಗುತ್ತೆ?’ ಮೂರನೆಯದು ಪ್ರಶ್ನೆಯೂ ಅಲ್ಲ. ‘ಅಮ್ಮನಿಗೆ ಒಂದೈದು ನಿಮಿಷ ನಿಮ್ಮ ಕುರ್ಚಿ ಕೊಡ್ತೀರಾ?’ ಮುಖ್ಯ ವೇದಿಕೆಯ ದೊಡ್ಡ ಕಲಾವಿದರು ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳಿದವರೂ ಇದ್ದರು. ಆದರೆ ಅವರಲ್ಲಿ ಅರ್ಧ ಜನ ಅಷ್ಟರೊಳಗೆ ಮನೆಗೆ ಹೊರಡಬಹುದಾ ಅಂತ ಲೆಕ್ಕ ಹಾಕುತ್ತಿದ್ದರು.

ಈ ವರ್ಷದ ಹಬ್ಬಕ್ಕೆ ನೀವು ಸಲಹೆ ಕೇಳಿದ್ದೀರಿ. ನನ್ನ ಸಲಹೆ ಆ ಕೊನೆಯ ಹಾಳೆಯಲ್ಲಿದೆ. ವೇದಿಕೆಗೆ ಖರ್ಚು ಮಾಡುವುದನ್ನು ಕಡಿಮೆ ಮಾಡಿ, ಬಂದವರಿಗೆ ಖರ್ಚು ಮಾಡಿ. ಬಂದವರನ್ನು ಬರೀ ನೋಡುಗರ ಹಾಗೆ ನೋಡಬೇಡಿ.

ಟಾಯ್ಲೆಟ್ಟಿನಿಂದಲೇ ಶುರು ಮಾಡುತ್ತೇನೆ. ಮುಜುಗರ ಬೇಡ, ನಗರದ ಹಬ್ಬಕ್ಕೆ ಇದಕ್ಕಿಂತ ಮುಖ್ಯ ವಿಷಯ ಇಲ್ಲ. ಗಂಡಸರಿಗೆ ಇಷ್ಟು, ಹೆಂಗಸರಿಗೆ ಇಷ್ಟು ಎಂದು ಸಮ ಸಮ ಹಂಚಿದ್ದಿರಿ. ನೋಡಲು ನ್ಯಾಯ. ಆದರೆ ಹೆಂಗಸರಿಗೆ ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೊತ್ತು ಬೇಕು ಎಂದು ಇದನ್ನು ಅಳೆದು ನೋಡಿದವರು ಹೇಳುತ್ತಾರೆ. ಬಟ್ಟೆ, ಮುಟ್ಟು, ಬಸಿರು, ಕಂಕುಳಲ್ಲಿ ಮಗು, ಕೈ ಹಿಡಿದ ಅಜ್ಜಿ, ಎಲ್ಲ ಸೇರಿ. ಸಾಲು ಬೆಳೆಯುವುದು ಅದಕ್ಕೇ. ಆ ಸಾಲಿನಲ್ಲಿ ನಿಂತವರಿಗೆ ನಿಮ್ಮ ಹಬ್ಬ ಅಂದರೆ ಮುಂದೆ ನಿಂತವರ ಬೆನ್ನು, ಅಷ್ಟೆ. ಹೆಂಗಸರ ಕಡೆ ಎರಡು ಪಟ್ಟು ಇಡಿ. ಮಗುವಿನ ಬಟ್ಟೆ ಬದಲಿಸಲು ಒಂದು ಅಗಲದ ಹಲಗೆ ಇಡಿ. ಅದನ್ನು ಹೆಂಗಸರ ಕಡೆಗೆ ಮಾತ್ರ ಇಡಬೇಡಿ, ಅಪ್ಪಂದಿರೂ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಕತ್ತಲಾದ ಮೇಲೆ ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪ ಇರಲಿ. ಮತ್ತೆ ನಕ್ಷೆಯಲ್ಲಿ ದಯವಿಟ್ಟು ಗುರುತು ಹಾಕಿ. ಕಳೆದ ಸಲದ ನಕ್ಷೆಯಲ್ಲಿ ಪ್ರಾಯೋಜಕರ ಗುರುತು ಒಂಬತ್ತು ಇದ್ದವು, ಟಾಯ್ಲೆಟ್ಟಿನ ಗುರುತು ಒಂದೂ ಇರಲಿಲ್ಲ. ನಾನೇ ಪೆನ್ನಿನಲ್ಲಿ ಬರೆದು ಕೊಡುತ್ತಿದ್ದೆ.

ಆಮೇಲೆ ಕುರ್ಚಿ. ಕಳೆದ ಶತಮಾನದ 70ರ ದಶಕದಲ್ಲಿ ವಿಲಿಯಂ ವೈಟ್ ಎಂಬುವರು ನ್ಯೂಯಾರ್ಕಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅಂತ ದಿನಗಟ್ಟಲೆ ನೋಡಿದರು. ಕಟ್ಟಡದ ಅಂದ, ಬಯಲಿನ ಆಕಾರ, ಏನೇನೋ ಲೆಕ್ಕ ಹಾಕಿದರು. ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ. ನಗಬೇಡಿ, ಇಷ್ಟು ಸರಳ ವಿಷಯವೇ ದೊಡ್ಡ ದೊಡ್ಡ ಬಯಲು ಕಟ್ಟಿದವರಿಗೆ ಹೊಳೆದಿರಲಿಲ್ಲ. ಅವರು ಇನ್ನೊಂದನ್ನೂ ಗಮನಿಸಿದರು. ಎತ್ತಿಡಬಹುದಾದ ಕುರ್ಚಿ ಇದ್ದರೆ, ಕೂರುವ ಮುಂಚೆ ಜನ ಅದನ್ನು ಒಂದು ಗೇಣಾದರೂ ಸರಿಸುತ್ತಾರೆ. ಬೇರೆ ಕಾರಣವೇನೂ ಇರುವುದಿಲ್ಲ. ಸರಿಸಿದ ಮೇಲೆ ಅದು ತಮ್ಮ ಜಾಗ ಅನ್ನಿಸುತ್ತದೆ.

ನಿಮ್ಮ ಹಬ್ಬದಲ್ಲಿ ಕುರ್ಚಿಗಳು ಇದ್ದವು. ವೇದಿಕೆಯ ಮುಂದೆ, ಸಾಲಾಗಿ, ಒಂದಕ್ಕೊಂದು ಕಟ್ಟಿ. ಮೊದಲ ಮೂರು ಸಾಲು ಗಣ್ಯರಿಗೆ. ಮಧ್ಯಾಹ್ನದವರೆಗೂ ಆ ಮೂರು ಸಾಲು ಖಾಲಿ ಬಿದ್ದಿತ್ತು. ಆಚೆ ಕಡೆ ಒಬ್ಬ ತಾಯಿ ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಮಗು ಹಿಡಿದು, ತಿನ್ನಲು ಮೂರನೇ ಕೈ ಹುಡುಕುತ್ತಾ ನಿಂತಿದ್ದಳು. ಊಟದ ಮಳಿಗೆಗಳ ಪಕ್ಕದಲ್ಲಿ, ಮರದ ಕೆಳಗೆ, ಬಿಡಿ ಬಿಡಿಯಾಗಿ ಕುರ್ಚಿ ಹಾಕಿ. ಒಂದಷ್ಟಕ್ಕೆ ಬೆನ್ನೂ ಕೈಯೂ ಇರಲಿ. ವಯಸ್ಸಾದವರು ಕೂರುವುದಕ್ಕಿಂತ ಏಳುವುದಕ್ಕೆ ಹೆಚ್ಚು ಕಷ್ಟಪಡುತ್ತಾರೆ.

ಬಿಸಿಲಿನ ಮಾತು. ಬೇಸಿಗೆ ಹಬ್ಬ ಅಂತ ಹೆಸರಿಟ್ಟು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ‘ಮಕ್ಕಳ ಕಾರ್ಯಕ್ರಮ’ ಹಾಕಿದ ಪುಣ್ಯಾತ್ಮರು ಯಾರು ಎಂದು ನನಗೆ ಇವತ್ತಿಗೂ ಕುತೂಹಲ. ಸಂಜೆಯ ಹೊತ್ತು ದೊಡ್ಡ ಹೆಸರಿನವರಿಗೆ ಹೋಗಿದೆ, ಉಳಿದ ಹೊತ್ತು ಮಕ್ಕಳಿಗೆ. ಅಷ್ಟೇ ಅಲ್ವಾ? ಗಾಳಿ 35 ಡಿಗ್ರಿ ಇದ್ದರೆ ಬಿಸಿಲಿಗೆ ಬಿದ್ದ ಡಾಂಬರು 50 ಡಿಗ್ರಿ ದಾಟುತ್ತದೆ. ದೊಡ್ಡವರ ಮುಖ ಆ ಡಾಂಬರಿನಿಂದ ಐದಡಿ ಮೇಲಿರುತ್ತದೆ. ನಾಲ್ಕು ವರ್ಷದ ಮಗುವಿನ ಮುಖ ಮೂರಡಿಯಲ್ಲಿ. ತಳ್ಳುಗಾಡಿಯಲ್ಲಿ ಮಲಗಿದ ಕೂಸು ಇನ್ನೂ ಕೆಳಗೆ. ನಾವು ‘ಸ್ವಲ್ಪ ಸೆಕೆ’ ಅಂದುಕೊಳ್ಳುವಾಗ ಅವು ಬಾಣಲೆಯ ಪಕ್ಕದಲ್ಲಿ ಇರುತ್ತವೆ.

ಅದಕ್ಕೇ ಹೊತ್ತನ್ನು ಒಡೆಯಿರಿ. ಬೆಳಗ್ಗೆ ಬೇಗ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿ. ಮತ್ತೆ ಸಂಜೆ ಐದಕ್ಕೆ ತೆರೆಯಿರಿ. ನಡುವೆ ಹಬ್ಬಕ್ಕೂ ಒಂದು ನಿದ್ದೆ ಇರಲಿ. ಪ್ಲಾಸ್ಟಿಕ್ ಹೊದಿಕೆಯ ಶಾಮಿಯಾನದ ಕೆಳಗೆ ನೆರಳು ಇರುತ್ತದೆ, ತಂಪು ಇರುವುದಿಲ್ಲ. ಹೊದಿಕೆ ಕಾದು ಆ ಬಿಸಿಯನ್ನು ಕೆಳಗೆ ಬಿಡುತ್ತದೆ. ಮರ ಹಾಗಲ್ಲ, ಎಲೆಗಳಿಂದ ನೀರು ಆವಿಯಾಗುತ್ತಾ ಸುತ್ತಲಿನ ಗಾಳಿಯನ್ನೂ ತಣಿಸುತ್ತದೆ. ಹಾಗಾಗಿ ಮರ ಇರುವ ಬೀದಿ ಹುಡುಕಿ ಅಲ್ಲಿ ಹಬ್ಬ ಮಾಡಿ. ದೊಡ್ಡ ಮೈದಾನ ಫೋಟೋದಲ್ಲಿ ಚೆಂದ ಬರುತ್ತದೆ ಅಷ್ಟೆ.

ಗಾಳಿ ತುಂಬಿದ ಜಿಗಿಯುವ ಕೋಟೆಯ ಬಗ್ಗೆ ಒಂದು ಮಾತು. ಅದನ್ನು ನೆಲಕ್ಕೆ ಸರಿಯಾಗಿ ಗೂಟ ಹೊಡೆದು ಕಟ್ಟಿರಬೇಕು. ಗಾಳಿಯ ವೇಗ ಗಂಟೆಗೆ 38 ಕಿಲೋಮೀಟರ್ ದಾಟಿದರೆ ಮಕ್ಕಳನ್ನು ಇಳಿಸಿ ನಿಲ್ಲಿಸಿಬಿಡಬೇಕು ಎನ್ನುವುದು ಯುರೋಪಿನಲ್ಲಿ ಪಾಲಿಸುವ ಮಿತಿ. ಗಾಳಿ ಅಳೆಯುವ ಸಣ್ಣ ಸಾಧನ ಅಂಗೈಯಲ್ಲಿ ಹಿಡಿಯುವಷ್ಟಿರುತ್ತದೆ. ಕಳೆದ ಸಲ ಕೋಟೆ ನಡೆಸುತ್ತಿದ್ದ ಹುಡುಗನನ್ನು ಕೇಳಿದೆ. ‘ಅಕ್ಕಾ, ಗಾಳಿ ಜಾಸ್ತಿ ಆದ್ರೆ ಗೊತ್ತಾಗುತ್ತೆ ಬಿಡಿ’ ಅಂದ. ಗೊತ್ತಾಗುತ್ತದೆ, ನಿಜ. ಯಾವಾಗ ಗೊತ್ತಾಗುತ್ತದೆ ಎನ್ನುವುದೇ ನನ್ನ ಭಯ.

ಈಗ ಊಟ. ಹಬ್ಬಕ್ಕೆ ಬರುವವರಲ್ಲಿ ಬಹಳ ಜನ ನಿಜಕ್ಕೂ ಬರುವುದು ತಿನ್ನಲು. ಇದರಲ್ಲಿ ತಪ್ಪೇನೂ ಇಲ್ಲ, ಒಟ್ಟಿಗೆ ತಿಂದವರು ಒಟ್ಟಿಗೆ ನಾಲ್ಕು ಮಾತಾಡುತ್ತಾರೆ. ಆದರೆ ಮಳಿಗೆಯ ಬಾಡಿಗೆಯನ್ನು ನೀವು ಮುಂಗಡ ಕೇಳುತ್ತೀರಿ, ಅದೂ ಎರಡೂ ದಿನದ್ದು. ಆ ಹಣ ಯಾರ ಹತ್ತಿರ ಇರುತ್ತದೆ? ದೊಡ್ಡ ಹೋಟೆಲಿನವರ ಹತ್ತಿರ. ಹಾಗಾಗಿ ಊರಿನ ಯಾವ ಅಂಗಡಿಯಲ್ಲಾದರೂ ಸಿಗುವುದೇ ಹಬ್ಬದಲ್ಲೂ ಸಿಗುತ್ತದೆ, ಸ್ವಲ್ಪ ದುಬಾರಿಯಾಗಿ. ಯಾವುದೋ ಮನೆಯಲ್ಲಿ ಒಂದೇ ಒಂದು ಅಡುಗೆಯನ್ನು ಅದ್ಭುತವಾಗಿ ಮಾಡುವವರು, ಬೇರೆ ಊರಿಂದ ಬಂದು ಇಲ್ಲಿ ನೆಲೆಸಿ ತಮ್ಮ ಅಜ್ಜಿಯ ಕೈರುಚಿ ಉಳಿಸಿಕೊಂಡವರು ಆ ಬಾಡಿಗೆಯ ಹತ್ತಿರವೂ ಸುಳಿಯುವುದಿಲ್ಲ.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2011ರ ಮೇ ತಿಂಗಳಲ್ಲಿ ಒಂದಷ್ಟು ಗೆಳೆಯರು ಇದಕ್ಕೆ ಒಂದು ದಾರಿ ಹುಡುಕಿದರು. ಊಟದ ಅಂಗಡಿ ತೆರೆಯಲು ಬೇಕಾಗುವ ಪರವಾನಗಿಗಳ ಗೊಡವೆ ಅವರಿಗೆ ಸಾಕಾಗಿತ್ತು. ಒಂದು ದಿನದ ಮಟ್ಟಿಗೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಸಣ್ಣ ಹೋಟೆಲ್ ತೆರೆಯಿರಿ ಎಂದು ಕರೆ ಕೊಟ್ಟರು. ಜನ ಮನೆಯ ಹಜಾರದಲ್ಲಿ, ಉದ್ಯಾನದಲ್ಲಿ, ಬೀದಿ ಮೂಲೆಯಲ್ಲಿ ತೆರೆದೇಬಿಟ್ಟರು. ಅದು ಬೇರೆ ಬೇರೆ ದೇಶಗಳಿಗೂ ಹಬ್ಬಿತು. ಪೂರ್ತಿ ಹಾಗೇ ಮಾಡಿ ಎಂದು ನಾನು ಹೇಳುತ್ತಿಲ್ಲ, ನಿಮ್ಮ ಆರೋಗ್ಯ ವಿಭಾಗದವರಿಗೆ ಎದೆ ಒಡೆದೀತು. ಒಂದು ಸಾಲು ಮಾತ್ರ ಬಿಟ್ಟುಕೊಡಿ. ಅಂಗಡಿ ಅಲ್ಲ, ಅರ್ಧ ಮೇಜು. ಒಬ್ಬರಿಗೆ ಒಂದೇ ತಿಂಡಿ, ಒಂದೇ ಹೊತ್ತು. ಬಾಡಿಗೆಯನ್ನು ಮಾರಿದ ಮೇಲೆ ತೆಗೆದುಕೊಳ್ಳಿ.

ಶುಚಿಯ ವಿಷಯದಲ್ಲಿ ಮಾತ್ರ ಸಡಿಲ ಬೇಡ. ನಿಯಮಗಳನ್ನು ಹದಿನಾಲ್ಕು ಪುಟ ಬರೆದು ಸಹಿ ಹಾಕಿಸಿಕೊಳ್ಳುತ್ತೀರಿ. ಓದಿದವರನ್ನು ನಾನು ನೋಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮೇಜಿಗೆ ಅಂಟಿಸಿ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು. ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗಿರಬೇಕು. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಹಾಗೇ ಬಿಡಬಾರದು. ಹಸಿ ಮಾಂಸ ಮುಟ್ಟಿದ ಚಾಕು ಬೇರೆಯದನ್ನು ಮುಟ್ಟಬಾರದು. ಸೆಕೆಯಲ್ಲಿ ಆ ಎರಡು ಗಂಟೆಯೂ ಜಾಸ್ತಿಯೇ. ಪ್ರತಿ ಸಾಲಿಗೂ ಕೈ ತೊಳೆಯಲು ನಲ್ಲಿ, ಸೋಪು, ಒಂದು ಥರ್ಮಾಮೀಟರ್. ಇಷ್ಟನ್ನು ನಗರವೇ ಕೊಡಲಿ. ನಲ್ಲಿ ಕೊಡದೆ ಕೈ ತೊಳೆಯಿರಿ ಎಂದು ನಿಯಮ ಬರೆಯುವುದು ಯಾವ ನ್ಯಾಯ?

ಇನ್ನು ಕಲೆ. ಕಲೆಯ ಹಬ್ಬಕ್ಕೆ ಕಾಗದ ಬರೆಯುತ್ತಾ ಇಷ್ಟು ಹೊತ್ತು ಟಾಯ್ಲೆಟ್ಟು, ಡಾಂಬರಿನ ಮಾತಾಡಿದಳಲ್ಲ ಎಂದು ನಿಮಗೆ ಅನ್ನಿಸಿರಬಹುದು. ಕಾರಣ ಇದೆ. ಮಗುವಿಗೆ ಬಾಯಾರಿದಾಗ ಯಾವ ಅಮ್ಮನಿಗೂ ಸಂಗೀತ ಕೇಳಿಸುವುದಿಲ್ಲ.

ನೀವು ದೊಡ್ಡ ಹೆಸರಿನವರಿಗೆ ದೊಡ್ಡ ಮೊತ್ತ ಕೊಡುತ್ತೀರಿ. ಊರಿನ ಹುಡುಗ ಹುಡುಗಿಯರಿಗೆ ‘ವೇದಿಕೆ ಕೊಟ್ಟಿದ್ದೀವಲ್ಲ’ ಎನ್ನುತ್ತೀರಿ. ವೇದಿಕೆಯಿಂದ ಹೊಟ್ಟೆ ತುಂಬುವುದಿಲ್ಲ, ಆಟೋದವರೂ ಅದನ್ನು ಬಾಡಿಗೆಗೆ ಹಿಡಿಯುವುದಿಲ್ಲ. ಕಡಿಮೆಯೇ ಆಗಲಿ, ಎಲ್ಲರಿಗೂ ಕೊಡಿ. ಅದೇ ದಿನ ಕೊಡಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಫ್ರಾನ್ಸಿನಲ್ಲಿ 1980ರ ದಶಕದ ಆರಂಭದಲ್ಲಿ ಸಂಸ್ಕೃತಿ ಇಲಾಖೆಯವರು ಜನರ ಅಭ್ಯಾಸಗಳ ಸಮೀಕ್ಷೆ ನೋಡಿದಾಗ ಅವರಿಗೇ ಬೆರಗಾಯಿತು. ಸುಮಾರು 50 ಲಕ್ಷ ಜನ ಯಾವುದಾದರೊಂದು ವಾದ್ಯ ನುಡಿಸುತ್ತಿದ್ದರು. ಇಷ್ಟೊಂದು ವಾದ್ಯಗಳು ಮನೆಯೊಳಗಿದ್ದವು, ಸಂಗೀತ ಕಚೇರಿ ಮಾತ್ರ ಬೇರೆಲ್ಲೋ ನಡೆಯುತ್ತಿತ್ತು. ಮಂತ್ರಿ ಜಾಕ್ ಲಾಂಗ್ ಅವರ ಕಾಲದಲ್ಲಿ, 1982ರ ಜೂನ್ 21ರಂದು, ವರ್ಷದ ಅತಿ ಉದ್ದದ ಹಗಲಿನ ಹೊತ್ತಿನಲ್ಲಿ, ಎಲ್ಲರೂ ವಾದ್ಯ ಹಿಡಿದು ಬೀದಿಗೆ ಬನ್ನಿ ಎಂದು ಕರೆದರು. ಜನ ಬಂದರು. ಅವತ್ತಿನಿಂದ ಪ್ರತಿ ವರ್ಷ ಅದೇ ದಿನ ಬರುತ್ತಿದ್ದಾರೆ, ನೂರಕ್ಕೂ ಹೆಚ್ಚು ದೇಶಗಳಲ್ಲಿ. ಎಲ್ಲರೂ ಚೆನ್ನಾಗಿ ನುಡಿಸುತ್ತಾರಾ? ಖಂಡಿತ ಇಲ್ಲ. ಪಕ್ಕದ ಮನೆಯವನ ಅಪಸ್ವರವನ್ನು ವರ್ಷಕ್ಕೊಂದು ದಿನ ಪ್ರೀತಿಯಿಂದ ಕೇಳಬಹುದು.

ಎಡಿನ್‌ಬರೋದ ಕತೆಯೂ ನಿಮಗೆ ಗೊತ್ತಿರಬೇಕು. 1947ರಲ್ಲಿ ಸ್ಕಾಟ್ಲೆಂಡಿನ ಆ ಊರಲ್ಲಿ ದೊಡ್ಡ ಉತ್ಸವ ಶುರುವಾದಾಗ, ಆಹ್ವಾನವೇ ಇಲ್ಲದ ಎಂಟು ನಾಟಕ ತಂಡಗಳು ತಾವಾಗಿಯೇ ಬಂದು, ಸಿಕ್ಕ ಜಾಗದಲ್ಲಿ ಆಡಿದವು. ಹಾಗೆ ಅಂಚಿನಲ್ಲಿ ಹುಟ್ಟಿದ ‘ಫ್ರಿಂಜ್’ ಇವತ್ತು ಜಗತ್ತಿನ ಅತಿ ದೊಡ್ಡ ಕಲಾ ಉತ್ಸವ. ನಿಮ್ಮ ಅರ್ಜಿಯಲ್ಲಿ ‘ಹಿಂದಿನ ಪ್ರದರ್ಶನಗಳ ಪ್ರಮಾಣಪತ್ರ’ ಎಂಬ ಒಂದು ಕಾಲಂ ಇದೆಯಲ್ಲ, ಅದು ಆ ಎಂಟು ತಂಡಗಳಲ್ಲಿ ಎಷ್ಟನ್ನು ಒಳಗೆ ಬಿಡುತ್ತಿತ್ತೋ!

ಒಂದು ಮೂಲೆಯನ್ನು ಹಾಗೇ ಬಿಡಿ. ಮೈಕ್ ಬೇಡ, ವೇದಿಕೆ ಬೇಡ, ಹೆಸರು ಬರೆಸುವುದೂ ಬೇಡ. ಒಂದು ಹಲಗೆ, ಸುತ್ತ ಕೂರಲು ಜಾಗ. ಬಂದವರು ಹಾಡಲಿ, ಕತೆ ಹೇಳಲಿ. ಪಕ್ಕದಲ್ಲಿ ಒಂದು ಉದ್ದ ಮೇಜಿನ ಮೇಲೆ ಜೇಡಿಮಣ್ಣು, ಬಣ್ಣ, ದೊಡ್ಡ ಕಾಗದ. ಮಕ್ಕಳಿಗೆ ಮಾತ್ರ ಎಂದು ಬೋರ್ಡು ಹಾಕಬೇಡಿ. ಕಳೆದ ಸಲ ಮಕ್ಕಳ ಮಣ್ಣಿನ ಮೇಜಿನ ಹತ್ತಿರ ಒಬ್ಬ ಅಜ್ಜ ಅರ್ಧ ಗಂಟೆ ನಿಂತಿದ್ದರು. ಮೊಮ್ಮಗ ಎದ್ದು ಹೋದ ಮೇಲೆ ಆಚೀಚೆ ನೋಡಿ, ಕೂತು, ಒಂದು ಎತ್ತು ಮಾಡಿದರು. ಕೊಂಬು ಸಮೇತ. ಸ್ವಯಂಸೇವಕಿ ಬಂದು ‘ಸರ್, ಇದು ಹತ್ತು ವರ್ಷದ ಒಳಗಿನವರಿಗೆ’ ಅಂದಳು. ಪಾಪ, ಅವಳಿಗೆ ಹಾಗೆ ಹೇಳಲು ಹೇಳಿದ್ದರು. ಅಜ್ಜ ಎತ್ತನ್ನು ಮತ್ತೆ ಮುದ್ದೆ ಮಾಡಿ ಇಟ್ಟು ಹೋದರು.

ಸ್ಪರ್ಧೆಯಂತೂ ಬೇಡವೇ ಬೇಡ. ಚಿತ್ರ ಬಿಡಿಸುವ ಸ್ಪರ್ಧೆ ಅಂದ ಕೂಡಲೇ ಅಪ್ಪ ಅಮ್ಮಂದಿರು ಮಕ್ಕಳ ಹಿಂದೆ ನಿಂತು ‘ಆಕಾಶಕ್ಕೆ ನೀಲಿ ಹಾಕು, ನೀಲಿ’ ಎಂದು ಶುರು ಮಾಡುತ್ತಾರೆ. ಮೂರು ಮಕ್ಕಳು ಬಹುಮಾನ ಹಿಡಿದು ನಗುತ್ತಾ ಹೋಗುತ್ತವೆ, ಉಳಿದವು ಅಳುತ್ತಾ. ಹಬ್ಬಕ್ಕೆ ಕರೆದು ಅಳಿಸುವುದು ಯಾಕೆ?

ಸದ್ದಿನ ಬಗ್ಗೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಕಾರ್ಯಕ್ರಮಗಳಿಗೆ ಸದ್ದಿನ ಸರಾಸರಿ 100 ಡೆಸಿಬಲ್ ದಾಟಬಾರದು ಎಂದು ಮಾನದಂಡ ಹೊರಡಿಸಿದೆ. ಅದೇ ಮಾನದಂಡ ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಒಂದು ಜಾಗ ಇರಲಿ ಎಂದೂ ಹೇಳುತ್ತದೆ. ಆ ಜಾಗ ಆಟಿಸಂ ಇರುವ ಮಕ್ಕಳಿಗೆ ಬೇಕೇ ಬೇಕು. ಮೊಲೆ ಕುಡಿಯುವ ಕೂಸಿಗೂ ಬೇಕು. ನನಗೂ ಬೇಕಿತ್ತು. ನನ್ನ ಮೇಜನ್ನು ನೀವು ಸ್ಪೀಕರಿನ ಪಕ್ಕದಲ್ಲೇ ಹಾಕಿಸಿದ್ದಿರಿ.

ಆ ಸ್ಪೀಕರಿನ ಪಕ್ಕಕ್ಕೇ ಮೊದಲ ದಿನ ಸಂಜೆ ಕಳೆದುಹೋದ ಒಂದು ಮಗುವನ್ನು ಯಾರೋ ಕರೆತಂದರು. ನಾಲ್ಕು ವರ್ಷ ಇರಬಹುದು. ಮೂರು ಸಲ ಕೂಗಿ ಕೇಳಿದೆ, ‘ನಿನ್ನ ಅಮ್ಮನ ಹೆಸರೇನು ಪುಟ್ಟಾ?’ ‘ಅಮ್ಮ’ ಅಂದಿತು. ಇನ್ನೇನು ಹೇಳೀತು? ವೇದಿಕೆಗೆ ಚೀಟಿ ಕಳಿಸಿದೆ. ನಿರೂಪಕರು ಈ ಹಾಡು ಮುಗಿಯಲಿ ಅಂದರು. ಆ ಹಾಡು ಮುಗಿಯುವಷ್ಟು ಹೊತ್ತು ಆ ತಾಯಿಗೆ ಎಷ್ಟು ಉದ್ದ ಇತ್ತು ಎನ್ನುವುದನ್ನು ಆಮೇಲೆ ಅವಳ ಮುಖದಲ್ಲಿ ನೋಡಿದೆ. ಹಾಡು ಮುಗಿದ ಮೇಲೆ ಅವರು ಮಗುವಿನ ಹೆಸರು, ಅಂಗಿಯ ಬಣ್ಣ ಎಲ್ಲವನ್ನೂ ಮೈಕಿನಲ್ಲಿ ಸಾರಿದರು. ಅದು ತಪ್ಪು. ಹಾಗೆ ಸಾರಿದರೆ ‘ನನ್ನ ಮಗು’ ಅಂತ ಯಾರು ಬೇಕಾದರೂ ಬರಬಹುದು. ಕಂಗಾಲಾಗಿರುವ ಪೋಷಕರು ಇಂಥ ಕಡೆ ಬನ್ನಿ ಎಂದಷ್ಟೇ ಹೇಳಿ, ಗುರುತು ಬಂದವರಿಂದ ಕೇಳಬೇಕು. ಬಾಗಿಲಲ್ಲೇ ಪ್ರತಿ ಮಗುವಿನ ಕೈಗೆ ಒಂದು ಕಾಗದದ ಪಟ್ಟಿ ಕಟ್ಟಿ, ಒಳಬದಿಯಲ್ಲಿ ಫೋನ್ ನಂಬರ್ ಬರೆದರೆ ಈ ಕತೆಯೇ ಇಲ್ಲ.

ಬಾಗಿಲು ಅಂದಾಗ ನೆನಪಾಯಿತು. ಒಳಗೆ ಬರಲು, ಹೊರಗೆ ಹೋಗಲು ಒಂದೇ ದಾರಿ ಇಟ್ಟಿದ್ದಿರಿ. ಇದನ್ನು ನಗುತ್ತಾ ಬರೆಯಲಾರೆ. 2010ರ ಜುಲೈನಲ್ಲಿ ಜರ್ಮನಿಯ ಡ್ಯೂಯಿಸ್‌ಬರ್ಗ್‌ನಲ್ಲಿ ಸಂಗೀತದ ಉತ್ಸವಕ್ಕೆ ಬಂದ 21 ಜನ ನೂಕುನುಗ್ಗಲಲ್ಲಿ ಸತ್ತರು. ಸುರಂಗ ದಾಟಿ ಏರುವ ಒಂದೇ ಇಳಿಜಾರು ದಾರಿಯಲ್ಲಿ ಬರುವವರೂ ಹೋಗುವವರೂ ಎದುರುಬದುರಾಗಿದ್ದರು. ಒಂದು ಚದರ ಮೀಟರಿಗೆ ಐದು ಜನ ದಾಟಿದ ಮೇಲೆ ಅಪಾಯ ಶುರು. ಏಳರ ಹತ್ತಿರ ಬಂದರೆ ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ, ಗುಂಪು ನೀರಿನ ಹಾಗೆ ಅಲೆಯಾಡುತ್ತದೆ. ಕೊನೆಯ ದಿನ ರಾತ್ರಿ ದೊಡ್ಡ ಕಲಾವಿದರು ಬಂದಾಗ ನಮ್ಮ ಬಾಗಿಲ ಹತ್ತಿರ ನಾನು ಒಂದು ತಳ್ಳುಗಾಡಿಯನ್ನು ತಲೆಯ ಮೇಲೆ ಎತ್ತಿ ದಾಟಿಸಿದೆ. ಮಗುವನ್ನು ಅದರ ಅಪ್ಪ ಎತ್ತಿಕೊಂಡಿದ್ದರು.

ಒಂದೇ ಕಡೆ ಎಲ್ಲರನ್ನೂ ಸೇರಿಸಲೇಬೇಕಾ? ಕೊಲಂಬಿಯಾದ ಬೊಗೋಟಾ ನಗರದಲ್ಲಿ 1974ರಿಂದ ಒಂದು ಪದ್ಧತಿ ಇದೆ. ಭಾನುವಾರ ಮತ್ತು ರಜೆಯ ದಿನ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆಯನ್ನು ವಾಹನಗಳಿಗೆ ಮುಚ್ಚುತ್ತಾರೆ. ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ, ಉದ್ಯಾನಗಳಲ್ಲಿ ಕುಣಿಯುತ್ತಾರೆ. ದೊಡ್ಡ ಕಲಾವಿದರು ಬೇಡ, ನೂಕಾಟವೂ ಇಲ್ಲ. ನಮಗೆ ನೂರು ಕಿಲೋಮೀಟರ್ ಬೇಡ. ಬೇಸಿಗೆಯ ಎಂಟು ಭಾನುವಾರ, ಪ್ರತಿ ವಾರ ಒಂದು ಬಡಾವಣೆಯ ಒಂದು ಮರದ ಬೀದಿ. ಆ ಬೀದಿಯವರೇ ಅಡುಗೆ, ಆ ಬೀದಿಯವರೇ ಹಾಡು. ಬಸ್ಸು ಹತ್ತಬೇಕಾಗಿಲ್ಲ, ಅಜ್ಜಿಗೆ ಸುಸ್ತಾದರೆ ಮನೆ ನಾಲ್ಕು ಹೆಜ್ಜೆ. ಟಾಯ್ಲೆಟ್ಟೂ ಅಲ್ಲೇ.

ಕಳೆದ ಸಲ ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ನಾನು ಹೊರಟಾಗ ಪೌರಕಾರ್ಮಿಕರು ಆಗಷ್ಟೇ ಬಂದಿದ್ದರು. ಎರಡು ದಿನದ ಹಬ್ಬದಲ್ಲಿ ಅವರ ಪಾಲಿಗೆ ಬಂದದ್ದು ಆ ಹೊತ್ತು ಮಾತ್ರ. ಮೈದಾನದ ತುಂಬ ಒಂದು ಸಲ ಬಳಸಿ ಎಸೆದ ಲೋಟ. ಜರ್ಮನಿಯ ಮ್ಯೂನಿಕ್ ನಗರ ತನ್ನ ಜಾಗದಲ್ಲಿ ನಡೆಯುವ ಉತ್ಸವಗಳಲ್ಲಿ ಇಂಥ ಲೋಟ ತಟ್ಟೆಗಳನ್ನು 1991ರಲ್ಲೇ ನಿಲ್ಲಿಸಿತು. ಠೇವಣಿ ಇಟ್ಟು ಲೋಟ ಒಯ್ಯಿ, ಹಿಂದಿರುಗಿಸಿ ಠೇವಣಿ ತಗೋ. ಇದು ಈ ವರ್ಷ ಆಗದಿದ್ದರೂ, ಸಮಿತಿಯ ಸಭೆಗೆ ಆ ಕಾರ್ಮಿಕರಲ್ಲಿ ಇಬ್ಬರನ್ನು ಕರೆದು ಕೇಳಿ. ಯಾವ ಮಳಿಗೆಯ ಹಿಂದೆ ಕಸ ಜಾಸ್ತಿ, ಡಬ್ಬಿ ಎಲ್ಲಿರಬೇಕಿತ್ತು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಈ ಸಲವೂ ಕರೆದರೆ ಬರುತ್ತೇನೆ. ನೋಟ್‌ಬುಕ್ ಇಟ್ಟುಕೊಂಡಿದ್ದೇನೆ, ಖಾಲಿ ಹಾಳೆಗಳು ಇನ್ನೂ ಇವೆ. ಮೇಜನ್ನು ಮಾತ್ರ ಸ್ಪೀಕರಿನಿಂದ ದೂರ, ಮರದ ಕೆಳಗೆ ಹಾಕಿಸಿ. ಒಂದು ಹೂಜಿ ನೀರು ಇರಲಿ. ಕುರ್ಚಿ ಮೂರು ಬೇಕು. ಒಂದು ನನಗೆ, ಒಂದು ಯಾರದಾದರೂ ಅಮ್ಮನಿಗೆ, ಇನ್ನೊಂದು ಕಳೆದುಹೋಗಿ ಬರುವ ಮಗುವಿಗೆ.

ಇಂತಿ,
ಮಾಹಿತಿ ಮೇಜಿನ ಸ್ವಯಂಸೇವಕಿ